ಎಡಕ್ಕೆ ತಿರುಗಿದ ಎಂಟು ಸುರುಳಿಗಳು

ತಂತಿಯಣ್ಣನನ್ನು ನಾನು ಮೊದಲ ಸಲ ನೋಡಿದಾಗ ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಅದು. ವಿಭಾಗದಲ್ಲಿ ನನಗೊಂದು ಮೇಜು ತೋರಿಸಿದ್ದರು, ಕೂರಲು ಏನೂ ಇರಲಿಲ್ಲ. "ನೆಲಮಾಳಿಗೆಯ ಕೊನೇ ಕೋಣೆಗೆ ಹೋಗಿ ನೋಡಿ, ಮುರಿದದ್ದು ಮುಕ್ಕಾದದ್ದು ಎಲ್ಲ ಅಲ್ಲೇ ಇರುತ್ತೆ" ಎಂದು ಸ್ಟೋರಿನವರು ಹೇಳಿದರು. ಮಧ್ಯಾಹ್ನ ಮೂರರ ಹೊತ್ತು. ಹದಿನಾಲ್ಕು ಮೆಟ್ಟಿಲು ಇಳಿದೆ. ಹೊಸ ಜಾಗಕ್ಕೆ ಹೋದರೆ ಮೆಟ್ಟಿಲು ಎಣಿಸುವುದು ನನ್ನ ಅಭ್ಯಾಸ. ಬಾಗಿಲು ಅರ್ಧ ತೆರೆದಿತ್ತು.

ಸೂರಿಗೆ ಅಂಟಿಕೊಂಡಂತಿದ್ದ ಒಂದೇ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದಿತ್ತು. ಹೊರಗೆ ನಡೆದುಹೋಗುವವರ ಕಾಲುಗಳ ನೆರಳು ಆ ಬಿಸಿಲಿನಲ್ಲಿ ಈಜಿಕೊಂಡು ಹೋದಂತೆ ಗೋಡೆಯ ಮೇಲೆ ಹಾದುಹೋಗುತ್ತಿತ್ತು. ಮೊಳೆಗಳಿಗೆ ತಂತಿಯ ಸಿಂಬೆಗಳನ್ನು ತೂಗುಹಾಕಿದ್ದರು: ತಾಮ್ರ, ಹಿತ್ತಾಳೆ, ಉಕ್ಕು. ಎಣ್ಣೆಯ ವಾಸನೆ. ನಡುವೆ ಬೂದುಬಣ್ಣದ ಅಂಗಿ ತೊಟ್ಟ, ನಲವತ್ತು ದಾಟಿದ ಒಬ್ಬರು ಮೊಳದಷ್ಟು ಉದ್ದದ ಹಿತ್ತಾಳೆಯ ಸುರುಳಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳ ತುದಿಯಿಂದ ಒಂದೊಂದೇ ಸುತ್ತು ಮುಟ್ಟುತ್ತಾ ಹೋಗುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು.

"ಇಲ್ಲಿ ಒಂದು ಕುರ್ಚಿ..." ಎಂದೆ.

ಕಣ್ಣು ತೆರೆಯದೆ ಕೈ ಎತ್ತಿದರು. ನಾನು ನಿಂತೆ. ಸುರುಳಿಯ ಕೊನೆ ಮುಟ್ಟಿದ ಮೇಲೆ ಕಣ್ಣು ಬಿಟ್ಟು, "ಹದಿನೆಂಟನೇ ಸುತ್ತು ಕೂದಲಷ್ಟು ಅಗಲ ಆಗಿದೆ. ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ" ಎಂದರು. ಆಮೇಲೆ ನನ್ನನ್ನು ನೋಡಿದರು. "ಆ ಸ್ಟೂಲು ತಗೊಳ್ಳಿ. ಅದಕ್ಕೆ ಮೂರೇ ಕಾಲು. ಗೋಡೆಗೆ ಒರಗಿಕೊಂಡು ಕೂತ್ರೆ ನಾಲ್ಕನೆಯದು ನೀವೇ ಆಗ್ತೀರಿ."

ನಾನು ನಕ್ಕುಬಿಟ್ಟೆ. ಬೆಳಿಗ್ಗೆಯಿಂದ ಅದೇ ಮೊದಲು ನಕ್ಕದ್ದು.

"ಊರಲ್ಲಿ ಏನು ಕೆಲಸ, ನಿಮ್ಮ ಕಡೆಯವರದ್ದು?"

"ಬೇಸಾಯ. ಅಜ್ಜ ಹಗ್ಗ ಹೊಸೀತಾರೆ."

"ಹೌದಾ? ಹಾಗಾದ್ರೆ ನಾವು ನೀವು ಒಂದೇ ಕುಲದವರು. ಸುತ್ತೋ ಕುಲ" ಎಂದು ಸ್ಟೂಲನ್ನು ಎಡಗೈಯಲ್ಲಿ ಎತ್ತಿ ಕೊಟ್ಟರು. ಅವರು ಎಡಗೈಯವರು ಎಂಬುದನ್ನು ನಾನು ಗಮನಿಸಿದ್ದು ಆಗಲೇ. ಆ ದಿನದಿಂದ ನನಗೆ ಅವರು ಅಣ್ಣ, ಅವರಿಗೆ ನಾನು ತಂಗಿ. ಒಂದು ವಾರದಲ್ಲಿ ಅವರ ಮಾತಿನಲ್ಲಿ ‘ನೀವು’ ಹೋಗಿ ‘ನೀನು’ ಬಂತು.

ತಂತಿಯಣ್ಣ ಓದಿದ್ದು ಏಳನೆಯ ತರಗತಿವರೆಗೆ. ಹನ್ನೆರಡು ವರ್ಷಕ್ಕೆ ಸೋದರಮಾವನ ಸ್ಪ್ರಿಂಗ್ ಕಾರ್ಖಾನೆ ಸೇರಿದರು. ಕಾರ್ಖಾನೆ ಎಂದರೆ ಎರಡು ಕೋಣೆ, ಮೂರು ಯಂತ್ರ. ಸೋಫಾ, ಮಂಚ, ಬಾಗಿಲು, ತಕ್ಕಡಿ, ಎಲ್ಲಕ್ಕೂ ಸ್ಪ್ರಿಂಗ್. ಅಲ್ಲಿನ ಯಂತ್ರಗಳು ತಿರುಗುತ್ತಿದ್ದದ್ದು ಒಂದೇ ದಿಕ್ಕಿಗೆ, ಬಲಗೈಯವರಿಗೆ ಅನುಕೂಲವಾಗುವ ದಿಕ್ಕಿಗೆ. ಹುಡುಗ ಕೈಯಿಂದ ಸುತ್ತಿದ ಸ್ಪ್ರಿಂಗ್‌ಗಳೆಲ್ಲ ಅದಕ್ಕೆ ತಿರುಗುಮುರುಗಾಗಿ ಬರುತ್ತಿದ್ದವು. ಗಿರಾಕಿಗಳು ವಾಪಸು ತಂದರು. ಮಾವ ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಂದು ಕಬ್ಬಿಣದ ನಟ್ಟನ್ನು ಹುಡುಗನ ಎಡಗೈಯಲ್ಲಿ ಇಟ್ಟು, "ಇದನ್ನ ಬಿಡಬೇಡ. ಸಂಜೆ ವಾಪಸ್ ಕೊಡು" ಎಂದರು. ಮುಷ್ಟಿಯಲ್ಲಿ ನಟ್ಟು ಹಿಡಿದವನು ಆ ಕೈಯಿಂದ ತಂತಿ ಹಿಡಿಯಲಾರ. ಎರಡು ವರ್ಷ ಹಾಗೆ ನಡೆಯಿತು. ಬಲಕ್ಕೆ ಸುತ್ತುವುದು ಬಂತು. ಆದರೆ ಹೇಗೆ ಬಂತೆಂದರೆ, ಬೇರೆಯವರ ಮನೆಯಲ್ಲಿ ಉಂಡ ಹಾಗೆ ಎನ್ನುತ್ತಿದ್ದರು. ಹೊಟ್ಟೆ ತುಂಬುತ್ತೆ, ಕಾಲು ಚಾಚಿ ಕೂರೋಕಾಗಲ್ಲ.

ಮಾವ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದ ರಿಪೇರಿ ವಿಭಾಗಕ್ಕೆ ಬಂದರು. ನಲ್ಲಿ, ಬೀಗ, ಕುರ್ಚಿಯ ಕಾಲು. ಒಂದು ದಿನ ದೊಡ್ಡ ಮೇಡಂ, ಅಂದರೆ ನಮ್ಮ ಜೀವರಸಾಯನ ವಿಭಾಗದ ಮುಖ್ಯಸ್ಥೆ, ಪಾಠಕ್ಕೆ ಒಯ್ಯುತ್ತಿದ್ದ ತಂತಿಯ ಮಾದರಿ ಕೈಜಾರಿ ಬಿದ್ದು ಸೊಟ್ಟಗಾಯಿತು. ನಲ್ಲಿ ಸರಿಮಾಡುತ್ತಿದ್ದ ಇವರು ಅದನ್ನೆತ್ತಿ, ಇಕ್ಕಳವೂ ಇಲ್ಲದೆ ಬೆರಳಿನಲ್ಲೇ ತಿದ್ದಿ ಕೊಟ್ಟರು. ಮೇಡಂ ಇವರನ್ನು ಒಂದು ವರ್ಷದ ಮಟ್ಟಿಗೆ ನೆಲಮಾಳಿಗೆಯ ಈ ಮಾದರಿ ಕೋಣೆಗೆ ಹಾಕಿಸಿಕೊಂಡರು. ಹೊಸ ಕಟ್ಟಡದ ಹಜಾರಕ್ಕೆ ಆಳೆತ್ತರದ ಒಂದು ಮಾದರಿ ಬೇಕಿತ್ತು. ಅದು ಸರಿಬಂದರೆ ಅವರು ಇಲ್ಲೇ ಉಳಿಯುವುದು, ಇಲ್ಲದಿದ್ದರೆ ನಲ್ಲಿ ಬೀಗಗಳಿಗೆ ಮರಳುವುದು. ಹೀಗೆಂದು ಕಾಗದದಲ್ಲೇ ಬರೆದಿತ್ತು. ಆ ಕಾಗದವನ್ನು ಅವರು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ಮಾದರಿ ಯಾವುದರದೆಂದರೆ, ನಮ್ಮ ಸ್ನಾಯುಗಳಲ್ಲಿ ಪ್ರಾಣವಾಯುವನ್ನು ಕೂಡಿಟ್ಟುಕೊಳ್ಳುವ ಒಂದು ಪ್ರೋಟೀನಿನದು. ಮಾಡುವ ಮೊದಲು ಅದೇನೆಂದು ತಿಳಿಯಬೇಕೆಂದು ಅವರು ಪಟ್ಟುಹಿಡಿದರು. ನಾನು ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಹೇಳಿಕೊಡುವವಳು. ಹೇಳಿದೆ.

"ಮಣಿಸರ ಅಂದುಕೊಳ್ಳಿ ಅಣ್ಣಾ. ನೂರೈವತ್ತು ಚಿಲ್ಲರೆ ಮಣಿ. ಯಾವುದರ ಮುಂದೆ ಯಾವುದು ಅನ್ನೋದು ಮೊದಲನೇ ಮಾತು. ಆದ್ರೆ ಸರ ಉದ್ದಕ್ಕೆ ಬಿದ್ದಿರಲ್ಲ. ಕೆಲವು ಕಡೆ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತೆ. ಕೆಲವು ಪ್ರೋಟೀನಲ್ಲಿ ನೆರಿಗೆ ಹಿಡಿದ ಬಟ್ಟೆ ಥರ ಮಡಿಚಿಕೊಳ್ಳುತ್ತೆ. ಅದು ಎರಡನೇ ಮಾತು. ಆ ಸುರುಳಿಗಳೆಲ್ಲ ಸೇರಿ ಒಂದು ಗಂಟಾಗೋದು ಮೂರನೇದು. ನೀವು ಮಾಡೋದ್ರಲ್ಲಿ ಎಂಟು ಸುರುಳಿ ಇದೆ."

"ಸುತ್ತಿಕೋ ಅಂತ ಅದಕ್ಕೆ ಹೇಳೋರು ಯಾರು?"

"ಯಾರೂ ಇಲ್ಲ. ಪ್ರತಿ ಮಣಿಯೂ ತನ್ನಿಂದ ನಾಲ್ಕನೇ ಮಣಿಯ ಕೈ ಹಿಡಿಯುತ್ತೆ. ಒಂದೊಂದು ಹಿಡಿತ ತುಂಬಾ ಸಡಿಲ. ಎಲ್ಲಾ ಸೇರಿದ್ರೆ ಗಟ್ಟಿ."

ಗೋಡೆಯ ಮೇಲೆ ಯಾರದೋ ಕಾಲುಗಳು ಹಾದುಹೋದವು. "ನಮ್ಮ ಮನೆಯವರ ಹಾಗೆ ಅನ್ನು. ಒಬ್ಬೊಬ್ರನ್ನೇ ಕೇಳಿದ್ರೆ ಯಾರಿಗೂ ಯಾರೂ ಬೇಡ. ಬಿಡಿಸೋಕೆ ಹೋದ್ರೆ ಒಬ್ರೂ ಬಿಡಲ್ಲ" ಎಂದರು. ನಂತರ ಮೆಲ್ಲಗೆ, "ಈಗ ಇಲ್ಲಿ, ನನ್ನೊಳಗೆ, ಹೀಗೇ ಸುತ್ತಿಕೊಳ್ತಾ ಇದೆಯಾ?" ಎಂದು ಕೇಳಿದರು.

"ಈಗಲೂ. ಹೊಸದಾಗಿ ಹುಟ್ಟಿದ್ದೆಲ್ಲ ಸುತ್ತಿಕೊಳ್ತಾ ಇದೆ."

ತನ್ನ ತೋಳನ್ನೇ ಮೊದಲ ಸಲ ಕಂಡವರ ಹಾಗೆ ಅವರು ನೋಡಿಕೊಂಡರು.

ಸುರುಳಿ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ನಾನು ಆ ದಿನ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಪ್ರೋಟೀನಿನ ಸುರುಳಿ ಬಲಸುರುಳಿ ಎಂದು ನಾನು ಮೂರು ಪರೀಕ್ಷೆಗಳಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಎದುರಿಗೆ ಒಂದು ಸುರುಳಿ ಇಟ್ಟು ಇದು ಬಲವೋ ಎಡವೋ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಬಾಯಿಪಾಠದ ಓದು ನನ್ನದು. ಊರಿನ ಶಾಲೆಯಲ್ಲಿ ಇದ್ದದ್ದೂ ಅಷ್ಟೇ.

ಮೇಡಂ ಮೂರು ತಿಂಗಳು ಬೇರೆ ದೇಶಕ್ಕೆ ಹೊರಟರು. ಹೋಗುವಾಗ ಪ್ರೊಜೆಕ್ಟರಿನ ಆರು ಸ್ಲೈಡುಗಳ ಪೆಟ್ಟಿಗೆಯೊಂದನ್ನು ನನ್ನ ಕೈಗಿಟ್ಟು, "ಇವನ್ನು ತೋರಿಸು. ಅವರು ನೋಡಿಕೊಂಡು ಮಾಡ್ತಾರೆ" ಎಂದರು. ಅದೇ ಪ್ರೋಟೀನಿನ ಚಿತ್ರ, ಸ್ವಲ್ಪ ಸ್ವಲ್ಪವೇ ತಿರುಗಿಸಿ ಆರು ಸಲ ತೆಗೆದದ್ದು. ಒಂದಕ್ಷರವೂ ಇಲ್ಲ. ಹಳೆಯವು, ಧೂಳು ಕೂತಿತ್ತು. ವಹಿಸಿದ ಕೆಲಸ ಚೊಕ್ಕಟವಾಗಿರಬೇಕೆಂದು ನಾನು ಆರನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕೆಂಪಾಯಿತು. ಸ್ಲೈಡಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇರುತ್ತದೆ. ಪ್ರೊಜೆಕ್ಟರಿಗೆ ಹಾಕುವಾಗ ಆ ಚುಕ್ಕೆ ಹೆಬ್ಬೆರಳಿನಡಿ ಬಂದರೆ ಚಿತ್ರ ಸರಿಯಾಗಿ ಬೀಳುತ್ತದೆ. ಅದೇ ಅಳಿಸಿಹೋಗಿತ್ತು. ಯಾರನ್ನಾದರೂ ಕೇಳಬಹುದಿತ್ತು. ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ, ಕೇಳಲು ನಾಚಿಕೆಯಾಯಿತು. ಹೊಳಪಿನ ಬದಿ ಯಾವುದೆಂದು ನೋಡಿ, ಇದೇ ಇರಬೇಕೆಂದುಕೊಂಡು, ಆರಕ್ಕೂ ಒಂದೇ ರೀತಿ ಹೊಸ ಚುಕ್ಕೆ ಇಟ್ಟೆ.

ಮಾದರಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನು ಕತ್ತಲೆ ಮಾಡಿದೆವು. ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳಿನ ಕಣಗಳು ಎದ್ದು, ಇಳಿದು, ಮತ್ತೆ ಎದ್ದವು. ಗೋಡೆಯ ಮೇಲೆ ಆ ಪ್ರೋಟೀನು ಅರಳಿತು. ನೀಲಿ ಹಿನ್ನೆಲೆಯಲ್ಲಿ ಬಂಗಾರದ ಬಣ್ಣದ ಎಂಟು ಸುರುಳಿಗಳು, ನಿದ್ದೆಯಲ್ಲಿ ಒಂದರ ಮೇಲೊಂದು ಕೈಕಾಲು ಹಾಕಿ ಮಲಗಿದ ಮಕ್ಕಳಂತೆ. ತಂತಿಯಣ್ಣ ಎದ್ದು ಹೋಗಿ ಗೋಡೆಯ ಮೇಲಿನ ಸುರುಳಿಯೊಂದನ್ನು ಎಡಗೈಯ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಅನುಸರಿಸಿದರು. ಬೆಳಕು ಅವರ ಬೆನ್ನ ಮೇಲೆಲ್ಲ ಹರಿಯುತ್ತಿತ್ತು.

"ತಂಗೀ" ಎಂದರು. ಧ್ವನಿ ಬೇರೆಯಾಗಿತ್ತು. "ಇದು ನನ್ನ ಕಡೆಗೆ ತಿರುಗುತ್ತೆ."

"ಅಂದ್ರೆ?"

"ನನ್ನ ಕೈ ತಾನಾಗೇ ಸುತ್ತಿದ್ರೆ ಹೀಗೇ ಸುತ್ತೋದು. ಮಾವ ನಟ್ಟು ಕೊಡೋಕೆ ಮುಂಚೆ ನಾನು ಸುತ್ತುತ್ತಿದ್ದದ್ದು ಹೀಗೇ." ಮತ್ತೆ ಸುರುಳಿ ಹತ್ತಿದರು, ಇಳಿದರು. "ಎಲ್ಲರ ಮೈಯೊಳಗೂ ಹೀಗೇನಾ? ಬಲಗೈಯವರ ಮೈಯೊಳಗೂ?"

"ಎಲ್ಲರಲ್ಲೂ ಒಂದೇ ಅಣ್ಣಾ." ಇದಾದರೂ ನಿಜವೇ.

ಅವರು ಕತ್ತಲೆಯಲ್ಲೇ ನಕ್ಕದ್ದು ಕೇಳಿಸಿತು. "ಹಾಗಾದ್ರೆ ತಪ್ಪಾಗಿ ಸುತ್ತುತ್ತಿದ್ದದ್ದು ಮಾವ!"

ಆ ಮೂರು ತಿಂಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿದೆ. ಕಂದು ಕಾಗದದ ಮೇಲೆ ಆರು ಚಿತ್ರಗಳನ್ನು ಇಳಿಸಿಕೊಂಡು ಅವರು ಎಡಗೈಯಲ್ಲಿ ಸುತ್ತಲು ಕೂತರು. ಹಿತ್ತಾಳೆಯ ತಂತಿ ಕೊಳವೆಯ ಸುತ್ತ ಸರಸರನೆ ಹತ್ತಿಕೊಂಡು ಹೋಗುತ್ತಿತ್ತು, ಬಳ್ಳಿಗೆ ಆತುರ ಬಂದ ಹಾಗೆ. "ಬೇಕಾದ್ದಕ್ಕಿಂತ ಚೂರು ಹೆಚ್ಚು ಬಗ್ಗಿಸಬೇಕು. ಬಿಟ್ಟ ಮೇಲೆ ತಂತಿ ಸ್ವಲ್ಪ ಹಿಂದಕ್ಕೆ ಬರುತ್ತೆ. ಅದಕ್ಕೂ ಒಂದು ಮರ್ಯಾದೆ ಬೇಡವೇ?" ಎನ್ನುತ್ತಿದ್ದರು. ನಾನು ಮೂರು ಕಾಲಿನ ಸ್ಟೂಲಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಮ್ಮೊಮ್ಮೆ ತೂಕಡಿಸಿ, ಸುರುಳಿಯ ಒಳಗಿನ ಮೆಟ್ಟಿಲುಗಳನ್ನು ಹತ್ತುತ್ತಿರುವ ಹಾಗೆ ಕನಸು ಕಾಣುತ್ತಿದ್ದೆ. ಕನಸಿನಲ್ಲೂ ಎಣಿಸುತ್ತಿದ್ದೆ. ಎಣಿಕೆ ಮುಗಿಯುತ್ತಿರಲಿಲ್ಲ.

ಒಂದು ದಿನ ಅವರು ಮರೆತುಬಂದಿದ್ದ ಊಟದ ಡಬ್ಬಿಯನ್ನು ಅವರ ಹೆಂಡತಿ ತಂದರು. ಗಂಡ ಹಾಡು ಗುನುಗುತ್ತಾ ಸುತ್ತುತ್ತಿದ್ದದ್ದನ್ನು ಬಾಗಿಲಲ್ಲೇ ನಿಂತು ನೋಡಿ, ನನ್ನ ಕಿವಿಯಲ್ಲಿ, "ಇಪ್ಪತ್ತು ವರ್ಷ ಆಯ್ತಮ್ಮ ಮದುವೆಯಾಗಿ. ಇವರಿಗೆ ಹಾಡು ಬರುತ್ತೆ ಅಂತ ಇವತ್ತು ಗೊತ್ತಾಯ್ತು" ಎಂದರು.

ಮಾದರಿ ಹಜಾರದ ಪೀಠವೇರಿತು. ಮೇಡಂ ಬಂದರು. ದೂರದಿಂದಲೇ "ಆಹಾ" ಎಂದರು. ಹತ್ತಿರ ಬಂದು ನಿಂತರು. ಒಂದು ಸುತ್ತು ಹಾಕಿದರು. ಬಲಗೈಯ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ, ಉಳಿದ ಬೆರಳು ಮಡಿಚಿ, ಸುರುಳಿಯ ಪಕ್ಕ ಹಿಡಿದರು. ಬೆರಳು ಮಡಿಚಿದ ದಿಕ್ಕಿಗೇ ಸುರುಳಿ ಮೇಲೇರುತ್ತದೆಯೇ ಎಂದು ನೋಡಿ, ಇಲ್ಲವೆಂದು ತಲೆ ಅಲ್ಲಾಡಿಸಿದರು. ಎಡಗೈ ಹಿಡಿದರು. ಅದು ಹೊಂದಿಕೊಂಡಿತು.

"ಎಲ್ಲಾ ಎಡಸುರುಳಿ" ಎಂದರು. "ಎಂಟಕ್ಕೆ ಎಂಟೂ."

"ತಲೆಕೆಳಗು ಮಾಡಿ ನಿಲ್ಲಿಸಿದ್ರೆ ಆಗಲ್ವಾ ಮೇಡಂ?" ಎಂದರು ಸ್ಟೋರಿನವರು.

"ತಲೆಕೆಳಗು ಮಾಡಿದ್ರೂ ಎಡ ಎಡವೇ. ಸ್ಕ್ರೂ ತಿರುಗಿಸಿ ಹಿಡಿದ್ರೆ ಅದರ ಸುತ್ತು ದಿಕ್ಕು ಬದಲಿಸುತ್ತಾ?"

"ಹೋಗ್ಲಿ ಬಿಡಿ. ಎಡಚನ ಕೈಗೆ ಕೊಟ್ರೆ ಬಲಕ್ಕೆ ಎಲ್ಲಿಂದ ಬರಬೇಕು!" ಎಂದು ಸ್ಟೋರಿನವರು ನಕ್ಕರು. ಇನ್ನಾರೂ ನಗಲಿಲ್ಲ.

ತಂತಿಯಣ್ಣನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರ ಕೈ ನೋಡಿದೆ. ಜೇಬಿನಿಂದ ಏನನ್ನೋ ತೆಗೆದು ಎಡಮುಷ್ಟಿಯಲ್ಲಿ ಹಿಡಿದುಕೊಂಡರು. ಮಾವ ಕೊಟ್ಟ ನಟ್ಟು. ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. "ನನ್ನ ಕೈಯದೇ ತಪ್ಪಿರಬೇಕು ಮೇಡಂ. ಚಿತ್ರ ಸರಿಯಾಗೇ ಇತ್ತೇನೋ. ಕೈ ತನಗೆ ಬೇಕಾದ್ದನ್ನ ನೋಡಿಕೊಂಡಿದೆ" ಎಂದರು.

ಮೇಡಂ ನಿಟ್ಟುಸಿರು ಬಿಟ್ಟರು. "ನನಗೆ ಬೇಜಾರಾಗ್ತಿದೆ. ಆದ್ರೆ ಸೋಮವಾರದಿಂದ ನೀವು ರಿಪೇರಿ ವಿಭಾಗಕ್ಕೇ ಹೋಗಬೇಕಾಗುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿನೋಡಿಕೊಂಡವರ ಹಾಗೆ ನನ್ನ ಕೈ ಸುಮ್ಮನೆ ಹೆಬ್ಬೆರಳನ್ನು ಉಜ್ಜುತ್ತಿತ್ತು, ಅಲ್ಲಿ ಇನ್ನೂ ಕೆಂಪು ಶಾಯಿ ಇದೆಯೆಂಬಂತೆ. ಎಲ್ಲರೂ ಹೋದರು. ನಾನು ಒಬ್ಬಳೇ ಪಠ್ಯಪುಸ್ತಕ ತಂದು ಮಾದರಿಯ ಎದುರು ಕೂತೆ. ಚುಕ್ಕೆ ತಪ್ಪಾಗಿರಬಹುದು, ಆಗಿಲ್ಲದೆಯೂ ಇರಬಹುದು. ಆಗಿಲ್ಲದಿದ್ದರೆ ತಪ್ಪು ಅವರ ಕೈಯದು, ನಾನು ಬಾಯಿ ತೆರೆಯಬೇಕಾಗಿಲ್ಲ. ಮನಸ್ಸು ಆ ಕಡೆಗೇ ಜಾರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಸಂಜೆಯ ಬಿಸಿಲು ಹಜಾರದ ಗಾಜಿನ ಬಾಗಿಲಿಗೆ ಬಿತ್ತು. ಬಾಗಿಲಿನಲ್ಲಿ ಇನ್ನೊಂದು ಹಜಾರ ತೆರೆದುಕೊಂಡಿತು. ಅಲ್ಲಿಯೂ ಒಂದು ಪೀಠ, ಅದರ ಮೇಲೆ ಒಂದು ಬಂಗಾರದ ಮಾದರಿ, ಪಕ್ಕದಲ್ಲಿ ಪುಸ್ತಕ ಹಿಡಿದ ಒಬ್ಬಳು. ಆ ಮಾದರಿಯ ಸುರುಳಿಗಳು ಬಲಕ್ಕೆ ತಿರುಗುತ್ತಿದ್ದವು. ಸುರುಳಿಗಳು ಮಾತ್ರವಲ್ಲ. ಮೊದಲ ಸುರುಳಿ ಯಾವ ಬದಿಯಲ್ಲಿ, ಎರಡು ಸುರುಳಿಗಳ ನಡುವಿನ ತಿರುವು ಯಾವ ಕಡೆಗೆ, ಪ್ರಾಣವಾಯು ಕೂರುವ ನಡುವಿನ ಗೂಡಿನ ಬಾಯಿ ಎಲ್ಲಿ, ಒಂದೊಂದೂ ಪುಸ್ತಕದ ಚಿತ್ರದಂತೆಯೇ ಇತ್ತು. ಪೀಠದ ಮೇಲಿನದರಲ್ಲಿ ಒಂದೊಂದೂ ತಿರುಗುಮುರುಗು. ಅವರ ಕೈಯ ತಪ್ಪಾಗಿದ್ದರೆ ಸುರುಳಿ ಮಾತ್ರ ಎಡಕ್ಕೆ ಹೋಗುತ್ತಿತ್ತು, ಉಳಿದದ್ದು ಸರಿಯಾಗಿರುತ್ತಿತ್ತು. ಇಡೀ ಮಾದರಿಯೇ ಕನ್ನಡಿಯ ರೂಪವಾಗಿದೆ ಎಂದರೆ ಅವರು ನೋಡಿದ ಚಿತ್ರವೇ ಮಗುಚಿಬಿದ್ದಿತ್ತು.

ಮೇಡಂ ತಮ್ಮ ಕೋಣೆಗೆ ಬೀಗ ಹಾಕುತ್ತಿದ್ದಾಗ ಹೋಗಿ ನಿಂತೆ. ಕರೆತಂದು ಗಾಜಿನೊಳಗಿನದನ್ನು ತೋರಿಸಿದೆ. ಸ್ಲೈಡು, ಸ್ಪಿರಿಟ್ಟು, ಚುಕ್ಕೆ, ಎಲ್ಲ ಹೇಳಿದೆ.

"ಒರೆಸು ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಮೇಡಂ. ಧೂಳಿತ್ತು."

"ಮೂರು ತಿಂಗಳು ನೀನು ಅದರ ಪಕ್ಕದಲ್ಲೇ ಕೂತಿದ್ದೆ. ಬಲಸುರುಳಿ ಅಂತ ಓದಿಲ್ವಾ?"

"ಓದಿದ್ದೆ ಮೇಡಂ. ನೋಡಿರಲಿಲ್ಲ."

ಅವರು ಗಾಜಿನೊಳಗೆ ಬಹಳ ಹೊತ್ತು ನೋಡಿದರು. ಸಿಟ್ಟು ಬರುತ್ತದೆಂದು ಕಾದೆ. "ಮಗುಚಿದ ಚಿತ್ರ ನೋಡಿ ಒಂದು ಕೂದಲೂ ಆಚೀಚೆ ಆಗದ ಹಾಗೆ ಮಾಡಿದ್ದಾರಲ್ಲೇ ಈ ಮಹಾರಾಯ" ಎಂದರು. ಮರುದಿನವೇ ಕಾಗದಕ್ಕೆ ಸಹಿ ಹಾಕಿದರು. ತಂತಿಯಣ್ಣ ಮಾದರಿ ಕೋಣೆಯಲ್ಲಿ ಉಳಿದರು. ವಿಭಾಗದಲ್ಲಿದ್ದ ಸಾವಿರದ ಇನ್ನೂರು ಸ್ಲೈಡುಗಳ ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ತಪ್ಪೊಪ್ಪಿಕೊಂಡಾಗ ತಂತಿಯಣ್ಣ ಬೈಯಲಿಲ್ಲ. "ಸದ್ಯ, ಕೈ ಸುಳ್ಳು ಹೇಳಲಿಲ್ಲವಲ್ಲ" ಎಂದರು, ಅಷ್ಟೇ. ಬಳಸಿದ ತಂತಿ ಗಡುಸಾಗಿರುತ್ತದೆ, ಬಿಚ್ಚಿ ಸುತ್ತಲು ಬರುವುದಿಲ್ಲ. ಹೊಸ ತಂತಿ ತಂದು ಐದು ವಾರದಲ್ಲಿ ಬಲಸುರುಳಿಯ ಮಾದರಿ ಮಾಡಿದರು. ಎಡಮುಷ್ಟಿಯಲ್ಲಿ ನಟ್ಟು ಇತ್ತು. ಹಾಡು ಇರಲಿಲ್ಲ. ಹಳೆಯದನ್ನು ಕೇಳಿ ಮನೆಗೆ ಒಯ್ದರು. "ಕರ್ಚೀಫು ಒಣಹಾಕೋಕೆ ಚೆನ್ನಾಗಿದೆ" ಎಂದು ಅವರ ಹೆಂಡತಿ ಹೇಳಿಕಳಿಸಿದರು. ತಂತಿಯಣ್ಣ ಅದನ್ನು ಹೇಳಿ ನಕ್ಕರು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಹಜಾರದ ಕೆಲಸ ಮುಗಿದಿತ್ತು, ಅವರ ಜಾಗ ಗಟ್ಟಿಯಾಗಿತ್ತು. ಆದರೂ ನಾನು ಅವರಿಂದ ಏನನ್ನೋ ಕಿತ್ತುಕೊಂಡಿದ್ದೆ. ಲೋಕದಲ್ಲಿ ತನ್ನ ಕೈಯ ಕಡೆಗೆ ತಿರುಗುವ ಒಂದು ವಸ್ತು ಇದೆಯೆಂದು ಮೂರು ತಿಂಗಳು ನಂಬಿ ಬದುಕಿದ್ದವರು ಅವರು. ಸ್ಲೈಡು ನೋಡುವುದು ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗಿ ಕೂರತೊಡಗಿದೆ. ಈ ಸಲ ಬಾಯಿಪಾಠ ಮಾಡಲಿಲ್ಲ. ಪ್ರತಿ ಚಿತ್ರದ ಪಕ್ಕದಲ್ಲೂ ಹೆಬ್ಬೆರಳೆತ್ತಿ ಹಿಡಿದು ನೋಡಿದೆ. ಎರಡು ತಿಂಗಳಾದ ಮೇಲೆ ಒಂದು ಪುಟದಲ್ಲಿ ನನ್ನ ಎಡಗೈ ಹೊಂದಿಕೊಂಡಿತು. ಸ್ಲೈಡು ಮಗುಚಿದೆಯೇನೋ ಎಂಬಂತೆ ಪುಸ್ತಕವನ್ನು ತಿರುಗಿಸಿ ನೋಡಿದೆ. ಬೇರೆ ಮೂರು ಪುಸ್ತಕಗಳಲ್ಲಿ ನೋಡಿದೆ. ಆಮೇಲೆ ಹದಿನಾಲ್ಕು ಮೆಟ್ಟಿಲನ್ನು ಎಣಿಸದೆ ಇಳಿದೆ.

"ಅಣ್ಣಾ, ಕಾಲು ಕೊಡಿ."

"ಏನು, ನಮಸ್ಕಾರ ಮಾಡ್ತೀಯಾ?"

"ಹಿಮ್ಮಡಿ ಮೇಲೆ ಮುಟ್ಟಿನೋಡಿ. ಗಟ್ಟಿ ಹುರಿ ಸಿಗುತ್ತಲ್ಲ?"

ಬಗ್ಗಿ ಮುಟ್ಟಿದರು. "ಇದೆ."

"ಅದು ಕೊಲ್ಯಾಜನ್ ಅನ್ನೋ ಪ್ರೋಟೀನಿಂದ ಆಗಿರೋದು. ಚರ್ಮ, ಎಲುಬು, ಎಲ್ಲಾ ಕಡೆ ಇದೆ. ಅದರ ಒಂದೊಂದು ಎಳೆಯೂ ಎಡಸುರುಳಿ."

ಅವರು ನನ್ನನ್ನೇ ದಿಟ್ಟಿಸಿದರು. "ಸಮಾಧಾನಕ್ಕೆ ಹೇಳ್ತಿದ್ದೀಯಾ?"

"ಈ ಸಲ ನೋಡಿಕೊಂಡು ಬಂದಿದ್ದೀನಿ. ಮೂರು ಎಡಸುರುಳಿ ಸೇರಿ ಬಲಕ್ಕೆ ಹೊಸೆದುಕೊಂಡು ಒಂದು ಹುರಿ ಆಗುತ್ತೆ. ನಮ್ಮಜ್ಜನೂ ಹಗ್ಗ ಹೊಸೆಯೋದು ಹಾಗೇ. ಎಳೆ ಒಂದು ಕಡೆಗೆ, ಹಗ್ಗ ಇನ್ನೊಂದು ಕಡೆಗೆ. ಎರಡೂ ಒಂದೇ ಕಡೆಗೆ ತಿರುಗಿದ್ರೆ ಬಿಚ್ಚಿಕೊಂಡುಬಿಡುತ್ತೆ."

ಅವರು ಚಪ್ಪಲಿ ಬಿಟ್ಟು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮೆಲ್ಲಗೆ ನಡೆದರು, ಹೆಜ್ಜೆಹೆಜ್ಜೆಗೂ ಹಿಮ್ಮಡಿಯ ಹುರಿ ಬಿಗಿಯುವುದನ್ನು ಒಳಗಿನಿಂದ ಆಲಿಸುವವರಂತೆ. ಬಿಸಿಲಿನ ಪಟ್ಟಿಯಲ್ಲಿ ಅವರ ನೆರಳೂ, ಹೊರಗೆ ಹೋಗುವವರ ಕಾಲಿನ ನೆರಳೂ ಕೂಡಿಕೊಂಡು ನಡೆದವು. ಆಮೇಲೆ ನಟ್ಟನ್ನು ಮೇಜಿನ ಮೇಲಿಟ್ಟು, ಹಿತ್ತಾಳೆಯ ಸಿಂಬೆಯೊಂದನ್ನು ಎಡಗೈಯಿಂದ ಮೊಳೆಯಿಂದ ಇಳಿಸಿದರು.

ತಂತಿಯಣ್ಣನಿಗೆ ಈಗ ಎಪ್ಪತ್ತು. ನಿವೃತ್ತರಾದ ಮೇಲೂ ವಾರಕ್ಕೆ ಎರಡು ದಿನ ಮಾದರಿ ಕೋಣೆಗೆ ಬರುತ್ತಾರೆ. ಶಾಲೆಗಳಿಗೆ ಕಳಿಸಲು ಮೂರೆಳೆಯ ಹುರಿಯ ಮಾದರಿಗಳನ್ನು ಮಾಡುತ್ತಾರೆ, ತಿಂಗಳಿಗೆ ನಾಲ್ಕು. ಎಳೆಗಳನ್ನು ಎಡಗೈಯಲ್ಲಿ ಸುತ್ತುತ್ತಾರೆ, ಹುರಿಯನ್ನು ಬಲಗೈಯಲ್ಲಿ ಹೊಸೆಯುತ್ತಾರೆ.